ಫ್ರೆಂಚ್ ಕ್ಲಾಸಿನಲ್ಲಿ ಯಜಮಾನರ ಹೆಸರು

ಮೆಟುಚೆನ್ ಸ್ಟೇಷನ್ ಬಿಟ್ಟ ಸಂಜೆಯ ರೈಲಿಗೆ ಕ್ಲಾಸಿನ ಕಿಟಕಿ ಗಾಜು ಗಡಗಡ ಅನ್ನುತ್ತಿದೆ, ಪಾಠ ಹೇಳುವ ಮದಾಮ್ ಬೆರಳು ಮಾತ್ರ ಅಲ್ಲಾಡದೆ ಕೌಸಲ್ಯಮ್ಮನ ಕಡೆಗೇ, ನಿಮ್ಮ ಯಜಮಾನರ ಹೆಸರೇನು, ಫ್ರೆಂಚಿನಲ್ಲಿ ಹೇಳಿ, ಇದೊಂದೇ ಪ್ರಶ್ನೆ ಬಾಕಿ, ಹೇಳದಿದ್ದರೆ ಮತ್ತೆ ಮೊದಲ ತರಗತಿಗೆ — ಅಯ್ಯೋ, ಬೇರೆ ಏನಾದರೂ ಕೇಳಬಾರದಿತ್ತೇ, ತರಕಾರಿ ಕೇಳು, ಹಿಮ ಕೇಳು, ಎಲ್ಲ ಬಾಯಿಪಾಠ, ಮಗ ಬಾಲುವಿನ ವಾಕ್‌ಮನ್ ಕಿವಿಗೆ ಹಾಕಿಕೊಂಡು ದೋಸೆ ಹುಯ್ಯುತ್ತ ಕಲಿತದ್ದು, ಮುಂದಿನ ತಿಂಗಳು ಸೊಸೆ ಮೋನಿಕ್‌ಗೆ ಹೆರಿಗೆ, ಅವಳ ತಾಯಿ ಮಾಂಟ್ರಿಯಲ್‌ನಿಂದ ಬರುತ್ತಾರೆ, ಆಕೆಗೆ ಫ್ರೆಂಚ್ ಬಿಟ್ಟರೆ ಇನ್ನೊಂದು ಬಾರದು, ಒಂದೇ ಅಡುಗೆಮನೆಯಲ್ಲಿ ಇಬ್ಬರು ಅಜ್ಜಿಯರು, ಅದರಲ್ಲಿ ತಾನು ಮೂಗಿಯಾಗಿ ನಿಲ್ಲಬೇಕೇ, ಅರವತ್ತಕ್ಕೆ ಅರಳುಮರಳು ಅಂತಾರಲ್ಲಮ್ಮ, ನಿಂಗೆ ಈಗ ಫ್ರೆಂಚ್ ಬೇಕಾ ಎಂದು ಬಾಲು ನಕ್ಕಿದ್ದ, ನಗಲಿ, ಯಜಮಾನರು ಹೋದ ಮೇಲೆ ಈ ಪರದೇಶಕ್ಕೆ ಕರೆತಂದವನೂ ಅವನೇ, ಕ್ಲಾಸಿಗೆ ಕಾರಿನಲ್ಲಿ ತಂದು ಬಿಡುವವನೂ ಅವನೇ — ಆದರೆ ಹೆಸರು, ಅದನ್ನು ಹೇಗೆ ಹೇಳುವುದು, ಹಸೆಮಣೆಯ ಮೇಲೆ ಹೆಂಗಸರೆಲ್ಲ ಸುತ್ತುಗಟ್ಟಿ ಪೀಡಿಸಿದಾಗಲೂ ಹೇಳಲಿಲ್ಲ, ಅತ್ತು ಪಾರಾದಳು, ರೇಷನ್ ಕಾರ್ಡಿನವನು ಕೇಳಿದರೆ ಬಾಲುವನ್ನು ಮುಂದೆ ನೂಕಿದಳು, ಸಹಸ್ರನಾಮದಲ್ಲೂ ಆ ಹೆಸರು ಬಂದ ಕಡೆ ಉಂ ಎಂದು ರಾಗ ಎಳೆದು ಮುಂದಿನದಕ್ಕೆ ಜಿಗಿದಳು, ದೇವರಿಗೆ ಗೊತ್ತಿತ್ತು, ಅವನು ಕೋಪಿಸಿಕೊಳ್ಳಲಿಲ್ಲ, ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಮ್ಮಿ ಕಣೇ ಎಂದಿದ್ದರು ಅಜ್ಜಿ.

ಒಮ್ಮೆ ಅರಸೀಕೆರೆಯಲ್ಲಿ ರೈಲು ನಿಂತಾಗ ಅವರು ಕೂಜ ಹಿಡಿದು ನೀರಿಗೆಂದು ಇಳಿದರು, ಬಿಳಿ ಅಂಗಿಯ ಬೆನ್ನು ದೂರ ದೂರ ಹೋಯಿತು, ರೈಲು ಕೂಗಿತು, ಕಿಟಕಿಯ ಸರಳಿಗೆ ಬಳೆ ಬಡಿದಳು, ಒಡೆದು ರಕ್ತ ಬಂತು, ರೀ ರೀ ಎಂದರೆ ಪ್ಲಾಟ್‌ಫಾರಂ ತುಂಬ ಗಂಡಂದಿರೇ, ಯಾರು ತಿರುಗಿಯಾರು, ಕೊನೆಯ ಡಬ್ಬಿಗೆ ಹತ್ತಿ ಏದುಸಿರು ಬಿಡುತ್ತ ಬಂದರು, ಹೆಸರು ಹಿಡಿದು ಕೂಗಬಾರದಾಗಿತ್ತೇನೇ ಎಂದು ನಕ್ಕರು — ಆಸ್ಪತ್ರೆಯಲ್ಲೂ ಅಷ್ಟೇ, ಆ ಕೊನೆಯ ಬೆಳಗ್ಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು, ಅದೇ ಬೆನ್ನು, ರೀ ಎಂದಳು, ಇಲ್ನೋಡಿ ಎಂದಳು, ತಿರುಗಲಿಲ್ಲ, ಹೆಸರು ಹಿಡಿದು ಕರೆದಿದ್ದರೆ ತಿರುಗುತ್ತಿದ್ದರೋ ಏನೋ, ಈ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳುವುದು, ಈಗಿನ್ನು ಯಾರ ಆಯುಸ್ಸು ಕಾಯುತ್ತಿದ್ದೀಯೇ ಕೌಸಲ್ಯಾ — ಮದಾಮ್ ಕಾಯುತ್ತಿದ್ದಾಳೆ, ಹೈಟಿ ದೇಶದವಳು, ಅವಸರ ಮಾಡುವವಳಲ್ಲ, ಪಾಪ, ಮೋಂ ಮಾರಿ ಸಾಪೆಲ್, ನನ್ನ ಗಂಡನ ಹೆಸರು, ಅಷ್ಟು ಬಂತು, ಸ್ವೆಟರಿನೊಳಗೆ ಬೆವರು, ಕೇಶವಮೂರ್ತಿ. ಯಾರದೋ ಧ್ವನಿ, ಅಲ್ಲ, ತನ್ನದೇ, ಕೇಶವಮೂರ್ತಿ, ಎರಡನೆಯ ಸಲ ಹೇಳಿ ಎಂದು ಯಾರೂ ಕೇಳಿರಲಿಲ್ಲ, ಮದಾಮ್ ಶಭಾಷ್ ಎನ್ನುವಂತೆ ತಲೆಯಾಡಿಸುತ್ತಾಳೆ, ಬೆರಳು ಪಕ್ಕದವರ ಕಡೆಗೆ ಹೋಗುತ್ತದೆ, ಅವರು ಏನೋ ಹೇಳುತ್ತಾರೆ, ಇವಳಿಗೆ ಕೇಳಿಸುತ್ತಿಲ್ಲ, ಪ್ಲಾಟ್‌ಫಾರಂ, ಜನ, ಬಿಳಿ ಅಂಗಿಯ ಬೆನ್ನು — ಬೆನ್ನು ನಿಂತಿದೆ, ಕತ್ತು ಮೆಲ್ಲಗೆ ಈ ಕಡೆಗೆ ತಿರುಗುತ್ತಿದೆ.