ಕಂಬದ ಮೇಲಿನ ಗೆರೆ

ತೀರಿಕೊಂಡ ಅಪ್ಪನಿಗೆ ಕೋಟು ತೊಡಿಸಿ ಗುಂಡಿ ಹಾಕುತ್ತಿದ್ದಾಗ ಮಗನ ಕೈಗೆ ಜೇಬಿನಲ್ಲಿ ಸೀಮೆಸುಣ್ಣದ ತುಂಡು ತಗುಲಿತು. ತೆಗೆದಿಡಲು ಮನಸ್ಸು ಬರಲಿಲ್ಲ. ಮುದುಕ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕಡಲ ಬಸವನಹುಳುಗಳ ತೊಟ್ಟಿ ನೋಡಿಕೊಂಡವನು. ನಿವೃತ್ತನಾದರೂ ಸುಮ್ಮನೆ ಕೂರುವ ಜಾತಿಯಲ್ಲ. ದಿನಾ ಬೆಳಗ್ಗೆ ದೋಣಿ ಕಟ್ಟುವ ದಕ್ಕೆಗೆ ಹೋಗಿ, ಅಲ್ಲಿನ ಹುಳುಗಳು ನೀರಿನಲ್ಲಿ ನಿಂತ ಕಂಬದಲ್ಲಿ ಎಲ್ಲಿಯತನಕ ಏರಿವೆ ಎಂದು ನೋಡಿ ಗೆರೆ ಎಳೆದು ಬರುತ್ತಿದ್ದ. ಅವು ಮೇಲೇರಿದರೆ ನೀರಿನಲ್ಲಿ ಆಮ್ಲಜನಕ ಇಳಿದಿದೆ ಎಂದರ್ಥ. ಮಗ ಓಡಿ ದಕ್ಕೆಯ ಪಕ್ಕದಲ್ಲಿದ್ದ ತನ್ನ ಮೀನಿನ ಪಂಜರಗಳಿಗೆ ಗಾಳಿಯ ಪಂಪು ಹಾಕಬೇಕು. ಊರಿಗೊಂದು ದಾರಿ, ಎಡವಟ್ಟನಿಗೊಂದು ದಾರಿ ಎಂದು ಜನ ನಕ್ಕಿದ್ದೇ ನಕ್ಕಿದ್ದು. ನಗಲಿ ಬಿಡಿ, ಹನ್ನೊಂದು ವರ್ಷದಲ್ಲಿ ಒಂದು ಪಂಜರದ ಮೀನೂ ಸತ್ತಿರಲಿಲ್ಲ.

ಪಕ್ಕದ ಮನೆಯಾಕೆ ಸೊಸೆಯ ಕೈಹಿಡಿದು, ಕೊನೆಗೆ ನರಳಿದರಾ ಎಂದು ವಿಚಾರಿಸಿದಳು.

"ಇಲ್ಲ. ಮೊದಲು ಕಿಟಕಿ ಹಿಡ್ಕೊಂಡು ಏದುಸಿರು ಬಿಡ್ತಿದ್ರು," ಎಂದಳು ಸೊಸೆ. "ಆಮೇಲೆ ಮೂರು ದಿನ ಸುಮ್ಮನೆ ಮಲಗಿಬಿಟ್ರು. ವಾಸಿಯಾಯ್ತು ಅಂದ್ಕೊಂಡ್ವಿ."

ಮಗನೂ ಹಾಗೇ ಅಂದುಕೊಂಡಿದ್ದ.

*

ಅವನಿಗಾಗ ಹತ್ತು ವರ್ಷ. ಅಪ್ಪ ತೊಟ್ಟಿಯ ಗಾಳಿ ಕಡಿಮೆ ಮಾಡಿ, ಕಣ್ಣು ಬಿಟ್ಟು ನೋಡು ಎಂದಿದ್ದ. ಹುಳುಗಳು ಜೋರಾಗಿ ನೀರು ಎಳೆದು ಉಸಿರಾಡತೊಡಗಿದವು. ಆಮೇಲೆ ಒಂದೊಂದೇ ಗಾಜು ಹತ್ತಿ ನೀರಿನ ಅಂಚಿಗೆ ಬಂದವು. ಮರುದಿನ ನೋಡಿದರೆ ಗಾಜು ಖಾಲಿ. ಎಲ್ಲವೂ ತಳಕ್ಕೆ ಬಿದ್ದು, ಚಿಪ್ಪಿನ ಬಾಗಿಲು ಬಿಗಿದುಕೊಂಡು, ಇದ್ದಬದ್ದ ಉಸಿರನ್ನು ಹಿಡಿದಿಟ್ಟುಕೊಂಡಿದ್ದವು. ಹುಡುಗ ಅವು ನಿದ್ದೆ ಮಾಡುತ್ತಿವೆ ಎಂದ.

"ಹತ್ತುವಾಗ ಹೆದರಬೇಡ ಮಗಾ, ಇನ್ನೂ ಹೊತ್ತಿರುತ್ತೆ," ಎಂದಿದ್ದ ಅಪ್ಪ. "ಸುಮ್ಮನಾದ್ವು ನೋಡು, ಆಗ ಹೆದರು."

*

ಮಣ್ಣು ಮಾಡಿ ಹಿಂದಿರುಗುವಾಗ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಸೆಕೆಗೆ ಎಲ್ಲರ ಅಂಗಿ ಬೆನ್ನಿಗೆ ಅಂಟಿತ್ತು. ಕೊಲ್ಲಿ ಎರಡು ದಿನದಿಂದ ಎಣ್ಣೆ ಸುರಿದ ಹಾಗೆ ಮಲಗಿದೆ ಎಂದು ಯಾರೋ ಹೇಳಿದರು. ಮಗನ ಅಕ್ಕ ತಟ್ಟನೆ ನಿಂತಳು.

"ಇವತ್ತು ಕಂಬ ಯಾರು ನೋಡಿದ್ರು?"

ಮಗ ತನ್ನ ಪಂಪು ನಡೆಸುವ ಆಳಿನ ಮುಖ ನೋಡಿದ. ಪಂಪಿನವನು ಮಗನ ಮುಖ ನೋಡಿದ.

"ನೀವು ನೋಡಿರ್ತೀರಿ ಅಂತ ನಾನು, ಅಣ್ಣಾ..." ಎಂದ ಪಂಪಿನವನು. ಅಪ್ಪ ಹಾಸಿಗೆ ಹಿಡಿದಾಗಿನಿಂದ ಆ ಕೆಲಸ ಮಗನದು. ಮೊನ್ನೆ ಬೆಳಗ್ಗೆ ನೋಡಿದ್ದೇ ಕೊನೆ; ಆಮೇಲೆ ಸಾವಿನ ಗಡಿಬಿಡಿ.

ಮಗ ಓಡಿದ. ಚಪ್ಪಲಿ ಎಲ್ಲಿ ಕಳಚಿತೋ ತಿಳಿಯಲಿಲ್ಲ. ದಕ್ಕೆಯ ತುದಿಗೆ ಬಂದು ಕಂಬ ನೋಡಿದ. ಅಪ್ಪ ಎಳೆದ ಹಳೆಯ ಗೆರೆಗಳು ಮಾಸಲಾಗಿ ಕಾಣುತ್ತಿದ್ದವು. ಒಂದು ಹುಳುವೂ ಏರಿರಲಿಲ್ಲ. ಹೋದ ಜೀವ ಬಂದಂತಾಗಿ, ಕಂಬಕ್ಕೆ ಹಣೆಯಿಟ್ಟು ಅಪ್ಪನನ್ನು ನೆನೆದು ಅತ್ತುಬಿಟ್ಟ.

ಕಣ್ಣೊರೆಸಿಕೊಂಡು ಕೆಳಗೆ ಬಗ್ಗಿದ. ಕಂಬದ ಬುಡದಲ್ಲಿ ನೂರಾರು ಹುಳುಗಳು ಬಾಗಿಲು ಬಿಗಿದುಕೊಂಡು ಒಂದರ ಮೇಲೊಂದು ಬಿದ್ದಿದ್ದವು.

ಅವನ ಹೆಜ್ಜೆ ಸದ್ದು ಕೇಳಿದರೆ ಸಾಕು, ಪಂಜರದ ಮೀನುಗಳು ದಿನಾ ಎಗರೆಗರಿ ಬೀಳುತ್ತಿದ್ದವು. ಅವನು ಬರಿಗಾಲಿನಿಂದ ದಕ್ಕೆಯ ಹಲಗೆಯನ್ನು ಜೋರಾಗಿ ತುಳಿದ. ಇನ್ನೊಮ್ಮೆ ತುಳಿದ. ನೀರು ಅಲುಗಲಿಲ್ಲ.