ಕಣ್ಣಿಗೆ ಒತ್ತಿಕೊಂಡ ಚೆಂಡು

ವಂದನಾಳಿಗೆ ಬೇಸರವಾಗಬಾರದು. ಸೀಟಿ ಹಿಡಿದು ಹಾಕಿ ಆಟದ ಮೈದಾನಕ್ಕೆ ಇಳಿದಾಗ ನನ್ನ ತಲೆಯಲ್ಲಿದ್ದದ್ದು ಇದೊಂದೇ. ನ್ಯೂಜಿಲೆಂಡಿನ ತಕಾನಿನಿಯಲ್ಲಿ ನಾವಿಬ್ಬರೂ ಒಂದೇ ರಸ್ತೆಯವರು. ಕೆಲಸವೂ ಆಕ್ಲೆಂಡಿನ ಒಂದೇ ಆಸ್ಪತ್ರೆಯಲ್ಲಿ. ಅವಳು ನರ್ಸ್, ನಾನು ಲ್ಯಾಬಿನಲ್ಲಿ. ನನಗೂ ಕಾರು ಓಡಿಸಲು ಬರುತ್ತದೆ, ಲೈಸೆನ್ಸೂ ಇದೆ. ಆದರೆ ಮೋಟರ್‌ವೇಗೆ ಸೇರುವ ಜಾಗದಲ್ಲಿ ಬಲಗಡೆಯಿಂದ ಲಾರಿಗಳು ನುಗ್ಗಿ ಬರುವುದನ್ನು ಕಂಡರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಹಾಗಾಗಿ ಬೆಳಗಿನ ಪಾಳಿಗೆ ವಂದನಾಳ ಕಾರೇ ಗತಿ. ಅವಳು ಮುನಿಸಿಕೊಂಡರೆ ಆ ಲಾರಿಗಳ ಮುಂದೆ ನಾನೊಬ್ಬಳೇ.

ಆಯುಧ ಪೂಜೆಯ ಆಸುಪಾಸಿನ ಭಾನುವಾರ ನಮ್ಮ ಕನ್ನಡ ಕುಟುಂಬಗಳು ಸೇರಿ ಹಾಕಿ ಆಡುವುದು ರೂಢಿ. ಮೊದಲು ಸ್ಟಿಕ್ಕುಗಳನ್ನೂ ಚೆಂಡನ್ನೂ ಬೆಂಚಿನ ಮೇಲಿಟ್ಟು ಅರಿಸಿನ ಕುಂಕುಮ ಹಚ್ಚಿ ಎಲ್ಲರೂ ಭಕ್ತಿಯಿಂದ ಕೈಮುಗಿಯುತ್ತಾರೆ. ಆಮೇಲೆ ಅವೇ ಸ್ಟಿಕ್ಕುಗಳಿಂದ ಒಬ್ಬರ ಮೊಣಕಾಲಿಗೆ ಇನ್ನೊಬ್ಬರು ಬಾರಿಸುತ್ತಾರೆ.

ಈ ಸಲ ನನ್ನನ್ನು ಅಂಪೈರ್ ಮಾಡಿದ್ದು ನನ್ನ ಗಂಡ ಪ್ರಕಾಶ್. "ನಮ್ಮ ಕೃಪಾ ಅಂದ್ರೆ ಮಾತ್ರೆ ಡಬ್ಬಿಯೊಳಗಿನ ಚೀಟಿನೂ ಪೂರ್ತಿ ಓದೋಳು. ಅವಳೇ ಸರಿ," ಎಂದುಬಿಟ್ಟ. ಅದು ನಿಜ. ಇಲ್ಲಿನ ವಾರಾಂತ್ಯದ ಲೀಗಿನ ನಿಯಮಗಳನ್ನೆಲ್ಲ ಓದಿಕೊಂಡೇ ಹೋಗಿದ್ದೆ.

ತೊಂದರೆಯೆಂದರೆ ವಂದನಾಳ ತಂದೆ ಪದ್ಮನಾಭ ಅಂಕಲ್ ಓದಿದ್ದು ಬೇರೆ ನಿಯಮ. ಗದಗಿನಿಂದ ಮಗಳ ಮನೆಗೆ ಬಂದಿದ್ದ ಅವರು ಹರೆಯದಲ್ಲಿ ಬೆಟಗೇರಿಯ ಮಣ್ಣಿನ ಮೈದಾನದಲ್ಲಿ ಆಡಿದವರು. ಮಗಳ ತಂಡದ ಗೋಲು ಕಾಯುತ್ತ, ಅಲ್ಲಿಂದಲೇ ನನಗೂ ಪಾಠ ಹೇಳುತ್ತಿದ್ದರು.

"ಆಫ್‌ಸೈಡ್ ಐತಿ, ತಂಗಿ. ಸೀಟಿ ಊದು."

"ಅಂಕಲ್, ಹಾಕಿಯಲ್ಲಿ ಆಫ್‌ಸೈಡ್ ತೆಗೆದು ಎಷ್ಟೋ ವರ್ಷ ಆಯ್ತು."

"ಯಾರು ತಗದ್ರು? ನಮಗ ಯಾರೂ ಹೇಳಿಲ್ಲಲ್ಲ."

ನಾನು ಪ್ರತಿ ಸಲ ಸೀಟಿ ಊದಿದ ಮೇಲೂ ಬಾಯಿ ತಪ್ಪಿ "ಸಾರಿ" ಎನ್ನುತ್ತಿದ್ದೆ. ವಂದನಾ ಪಕ್ಕದಲ್ಲಿ ಓಡುತ್ತ, "ಅಂಪೈರವ್ವ, ಹಿಂಗ ಸಾರಿ ಅಂದ್ರ ಮುಂದ ಚಾ ಕುಡದು ಹೋಗ್ರಿ ಅಂತೀ ಏನು?" ಎಂದು ನಕ್ಕಳು. ಅವಳು ನಗುತ್ತಿರುವವರೆಗೆ ನನಗೆ ಚಿಂತೆಯಿರಲಿಲ್ಲ.

ಆಟ ಮುಗಿಯುವ ಹೊತ್ತಿಗೆ ಎರಡೂ ತಂಡಗಳು ಸಮಸಮವಾಗಿದ್ದವು. ಎದುರು ತಂಡದಲ್ಲಿದ್ದ ಪ್ರಕಾಶ್ ಗೋಲಿನತ್ತ ಚೆಂಡು ತಳ್ಳಿದ. ಅಂಕಲ್ ಮುಂದೆ ಬಂದುಬಿಟ್ಟಿದ್ದರು. ಹಿಂದೆ ಗೋಲಿನ ಬಾಯಲ್ಲಿ ವಂದನಾ ಒಬ್ಬಳೇ. ಠಪ್ಪೆಂದು ಸದ್ದಾಯಿತು, ಚೆಂಡು ನಿಂತಿತು. ಕಾಲಿಗೆ ಬಡಿಯಿತೋ ಸ್ಟಿಕ್ಕಿಗೋ? ಕಾಲಿಗಾದರೆ ಫೌಲ್. ನನಗೆ ಅಡ್ಡವಾಗಿ ಯಾರದೋ ಬೆನ್ನು. ಸದ್ಯ, ಕಾಣಲಿಲ್ಲ ಎನ್ನಬಹುದು ಎಂದುಕೊಂಡೆ.

ಅಷ್ಟರಲ್ಲಿ ಆ ಬೆನ್ನು ಸರಿಯಿತು. ವಂದನಾ ಬಗ್ಗಿ, ಚೆಂಡನ್ನು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಎದ್ದು ಚೆಂಡನ್ನು ದೂರ ಹೊಡೆದಳು.

ಸೀಟಿ ಊದಿದೆ. ಈ ಸಲ ಸಾರಿ ಅನ್ನಲಿಲ್ಲ.

"ಯಾಕ? ಸ್ಟಿಕ್ಕಿಗೆ ಬಡದೈತಿ," ಎಂದಳು ವಂದನಾ.

"ಸ್ಟಿಕ್ಕಿಗೆ ಬಡಿದಿದ್ರೆ ಕಣ್ಣಿಗ್ಯಾಕೆ ಒತ್ಕೊಂಡೆ?"

ಅವಳು ತನ್ನ ಬೆರಳು ನೋಡಿಕೊಂಡಳು. ತುದಿಯಲ್ಲಿ ಕುಂಕುಮ, ರೆಪ್ಪೆಯ ಮೇಲೂ ಒಂದಿಷ್ಟು. "ಪೂಜಿ ಮಾಡಿದ್ದಕ್ಕ ಕಾಲು ತಾಗಿದ್ರ ಹಂಗ ಬಿಡಾಕ ಬರ್ತದೇನು?" ಎಂದವಳು, ಹೇಳಿ ಮುಗಿಸಿದ ಮೇಲೆ ತುಟಿ ಕಚ್ಚಿಕೊಂಡಳು.

ಅಂಕಲ್ ಮಗಳ ಸಹಾಯಕ್ಕೆ ಬಂದರು. "ಕಾಲಿಗೆ ಬಡದ್ರ ಪೆನಾಲ್ಟಿ ಕಾರ್ನರ್ ಕೊಡು, ಮುಗೀತು. ಕೈ ಮುಟ್ಟಿದ್ದು ಭಕ್ತಿ. ಬೆಟಗೇರ್ಯಾಗ ಅದಕ್ಕ ಯಾರೂ ಫೌಲ್ ಅಂದಿಲ್ಲ."

"ಗೋಲಾಗೋ ಚೆಂಡನ್ನ ಕಾಲು ತಡೆದ್ರೆ ಕಾರ್ನರ್ ಸಾಲದು, ಪೆನಾಲ್ಟಿ ಸ್ಟ್ರೋಕ್, ಅಂಕಲ್. ಕಾಯೋರು ಒಬ್ಬರೇ, ಹೊಡೆಯೋರು ಒಬ್ಬರೇ. ಭಕ್ತಿಯನ್ನ ನಾನು ಫೌಲಿಗೆ ಸೇರಿಸಿಲ್ಲ."

ಪ್ರಕಾಶ್ ನನ್ನ ಹತ್ತಿರ ಬಂದು ದನಿ ತಗ್ಗಿಸಿದ. "ಕಾರ್ನರ್ ಸಾಕು ಬಿಡೆ. ನಾಳೆ ನಿಂಗೆ ಬೆಳಗಿನ ಪಾಳಿ."

ಗೆಲ್ಲಬೇಕಾದವನೇ ಹಾಗೆಂದಾಗ ಬೆಳಗಿನ ಲಾರಿಗಳೆಲ್ಲ ಕಣ್ಣೆದುರು ಬಂದವು. ಆದರೂ ಕೈ ಸ್ಟ್ರೋಕಿನ ಗುರುತನ್ನೇ ತೋರಿಸಿತು. ಅಂಕಲ್ ಎಡಕ್ಕೆ ಹಾರಿದರು, ಚೆಂಡು ಬಲಕ್ಕೆ ಹೋಗಿ ಗೋಲಾಯಿತು. ಊಟದ ಹೊತ್ತಿನಲ್ಲಿ ವಂದನಾ ಉಳಿದ ಎಲ್ಲರ ತಟ್ಟೆಗೂ ಮೊಸರನ್ನ ಬಡಿಸಿ, ನನ್ನ ಖಾಲಿ ತಟ್ಟೆಯ ಪಕ್ಕದಲ್ಲಿ ಸೌಟು ಇಟ್ಟು ಹೋದಳು.

ಮರುದಿನ ಬೆಳಿಗ್ಗೆ ನಾನು ಬೇಗನೆ ಗೇಟಿನ ಹತ್ತಿರ ನಿಂತೆ. ಬಸ್ಸಿನ ವೇಳೆಯನ್ನೂ ನೋಡಿಟ್ಟುಕೊಂಡಿದ್ದೆ. ಕಾರು ಬಂತು. ವಂದನಾ ಇಳಿದು, ಸುತ್ತಿ ಬಂದು, ಎಡಗಡೆಯ ಸೀಟಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡಳು.

"ನೀ ಓಡಸು."

"ನಾನಾ? ಮೋಟರ್‌ವೇ ಮೇಲೆ?"

"ಗೆಳತಿಗೆ ಸ್ಟ್ರೋಕ್ ಕೊಡಾಕ ಧೈರ್ಯ ಇದ್ದಾಕಿಗೆ ಲಾರಿ ಯಾವ ಲೆಕ್ಕ? ಇವತ್ತ ನಾ ಅಂಪೈರ್. ನಡಿ."

ಮೋಟರ್‌ವೇಗೆ ಸೇರುವ ಇಳಿಜಾರಿಗೆ ಬರುವಷ್ಟರಲ್ಲಿ ಅವಳು ನನ್ನ ಮೇಲೆ ನಾಲ್ಕೈದು ಫೌಲ್ ಹೊರಿಸಿದ್ದಳು. ಇಂಡಿಕೇಟರ್ ತಡ, ಬ್ರೇಕ್ ಜಾಸ್ತಿ, ಉಸಿರೇ ಬಿಡುತ್ತಿಲ್ಲ. ಬಲಗಡೆ ಒಂದು ಪಿಕಪ್ ಗಾಡಿ ವೇಗ ತಗ್ಗಿಸಿ ಜಾಗ ಬಿಟ್ಟಿತು. ನಾನು ಕಣ್ಣು ಮಿಟುಕಿಸದೆ ಒಳಗೆ ಸೇರಿಬಿಟ್ಟೆ.

"ಜಾಗ ಬಿಟ್ಟಾನ ಪಾಪ. ಥ್ಯಾಂಕ್ಸ್ ಅಂತ ಅವಂಗ ಕೈ ಎತ್ತು," ಎಂದಳು ವಂದನಾ.

ಎತ್ತಿದೆ.

"ಒಂದ ಕೈ ಸಾಕು, ಕೃಪಾ."