ಬಾವಿಯ ಒಪ್ಪಿಗೆ

ಕಟ್ ಎಂದು ಎಲ್ಲೋ ಸಣ್ಣ ಸದ್ದಾಯಿತು. ನಾನು ಎಚ್ಚರವಾಗಿಯೇ ಇದ್ದೆ. ನಲ್ಲಿಯೋ, ಗೋಡೆಯೊಳಗಿನ ಪೈಪೋ, ಮೇಲಿನ ಮನೆಯವರ ನೆಲವೋ ಎಂದು ಕತ್ತಲಲ್ಲೇ ಕಿವಿಗೊಟ್ಟೆ. ಇಂಥ ಸದ್ದುಗಳನ್ನು ಕೇಳಬೇಕೆಂದೇ ನಾವು ಆ ರಾತ್ರಿ ಅಲ್ಲಿ ಮಲಗಿದ್ದು.

ಕೊಲ್ಲಾಪುರದ ಆ ಮೂರನೆಯ ಮಹಡಿಯ ಫ್ಲ್ಯಾಟು ನನ್ನ ಗಂಡ ಭಾವುಸಾಹೇಬರ ಸೋದರಮಾವನ ಮಗ ಶ್ರೇಣಿಕನದು. ಅವನು ತನ್ನ ಮಗ್ಗಗಳ ಹತ್ತಿರವೇ ಇರಬೇಕೆಂದು ಇದನ್ನು ಮಾರಿ ಇಚಲಕರಂಜಿಗೆ ಹೊರಟಿದ್ದ. ಕೀಲಿಕೈ ಕೊಡುವಾಗ, "ಒಂದ್ ರಾತ್ರಿ ಮಲ್ಕೊಂಡ ನೋಡ್ರಿ ವೈನಿ. ಹಗಲಿ ಎಲ್ಲಾ ಮನೀನೂ ಚಂದನ ಕಾಣ್ತಾವು" ಎಂದಿದ್ದ.

ನೋಡುವುದನ್ನೆಲ್ಲ ನಾನು ಮೊದಲೇ ನೋಡಿ ಮುಗಿಸಿದ್ದೆ. ಜಾಗದ ಸಾತಬಾರಾ ಉತಾರೆ, ಅಂದರೆ ಪಹಣಿ, ತೆಗೆಸಿ, ಹೆಸರುಗಳು ಹಿಂದಿನಿಂದ ಸರಿಯಾಗಿ ಬಂದಿವೆಯೇ ಎಂದು ಓದಿದ್ದೆ. ವಾಸಕ್ಕೆ ಪರವಾನಗಿ ಸಿಕ್ಕಿದೆಯೇ, ಸೊಸೈಟಿಯ ತಕರಾರೇನಾದರೂ ಇದೆಯೇ ಎಂದು ವಿಚಾರಿಸಿದ್ದೆ. ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆಂದು ನಿಂತು ನೋಡಿದ್ದೆ. ಬೀರುವಿನ ಹಿಂದೆ ಕೈ ಹಾಕಿ ಗೋಡೆ ತೇವವಿದೆಯೇ ಎಂದು ಮುಟ್ಟಿದ್ದೆ. ನನ್ನ ಗಂಡ ನಕ್ಕಿದ್ದರು: "ನನ್ನ ಮದುವಿ ಆಗೂ ಮುಂದ ಇಷ್ಟ್ ನೋಡಿದ್ದೇನ?"

"ನೋಡಿದ್ರ ಆಗ್ತಿದ್ನೇನ್ರಿ?" ಎಂದಿದ್ದೆ.

ಆದರೆ ಮನೆ ತೆಗೆದುಕೊಳ್ಳುವುದು ಬಿಡುವುದು ನನ್ನ ಕೈಯಲ್ಲಿರಲಿಲ್ಲ, ಅತ್ತೆಯವರ ಕೈಯಲ್ಲಿತ್ತು. ಅವರು ನೀರನ್ನು ಬಟ್ಟೆಯಲ್ಲಿ ಗಾಳಿಸಿ ಕುಡಿಯುತ್ತಾರೆ. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳಿಗೆ ನಮ್ಮ ಜೈನರಲ್ಲಿ ಜೀವಾಣಿ ಅನ್ನುತ್ತಾರೆ. ಆ ಜೀವಾಣಿಯನ್ನು ನೀರು ಎಲ್ಲಿಂದ ಬಂತೋ ಅಲ್ಲಿಗೇ ತಿರುಗಿ ಬಿಡಬೇಕು. ಗಡಹಿಂಗ್ಲಜದ ನಮ್ಮ ಹಿತ್ತಲ ಬಾವಿಗೆ ಅವರು ದಿನವೂ ಅದನ್ನು ಇಳಿಸುತ್ತಾರೆ. ಅದಕ್ಕೆಂದೇ ತಳದಲ್ಲಿಯೂ ಹಗ್ಗ ಕಟ್ಟುವ ಬಳೆ ಇರುವ ಸಣ್ಣ ಹಿತ್ತಾಳೆ ಬಕೆಟ್ ಇದೆ. ನೀರಿನ ಮಟ್ಟ ಮುಟ್ಟಿದ ಮೇಲೆಯೇ ಅದು ಬೋರಲಾಗುತ್ತದೆ. ಒಳಗಿನ ಜೀವಗಳು ಎತ್ತರದಿಂದ ಬಿದ್ದು ಸಾಯಬಾರದಲ್ಲ. ನಲ್ಲಿ ನೀರಿನ ಜೀವಾಣಿಯನ್ನು ಎಲ್ಲಿಗೆ ಬಿಡುವುದು? ಈ ಪ್ರಶ್ನೆಗೆ ಉತ್ತರ ಸಿಗದೆ ಎಷ್ಟೋ ಮನೆಗಳನ್ನು ಕೈಬಿಟ್ಟಿದ್ದೆವು. ನಾನು ಕೆಲಸ ಮಾಡುವ ಕಾಲೇಜು ಕೊಲ್ಲಾಪುರದಲ್ಲಿ. ಎಸ್.ಟಿ. ಬಸ್ಸಿನಲ್ಲಿ ಹೋಗಿ ಬಂದು ಮೈ ಸೋತಿತ್ತು. ಈ ಮನೆಯನ್ನೂ ಅತ್ತೆ ಒಲ್ಲೆ ಎಂದರೆ ನಾನು ಕೆಲಸ ಬಿಡುವುದೆಂದು ಆಗಲೇ ಮಾತಾಗಿತ್ತು.

ಸಂಜೆ ಶ್ರೇಣಿಕ ಅವರನ್ನು ಒಪ್ಪಿಸಲು ನೋಡಿದ್ದ. "ಆತ್ಯಾ, ಇಲ್ಲಿ ನಳದ ನೀರಾಗ ಹುಳಾ ಹುಪ್ಪಡಿ ಏನೂ ಇರೂದಿಲ್ಲ. ಔಷಧ ಹಾಕಿ ಎಲ್ಲಾ ಸಾಯಿಸೇ ಕಳಸ್ತಾರ."

"ಅದನ್ನ ಹೆಮ್ಮಿಲೆ ಹೇಳ್ತೀಯಲೊ?"

ಅವನು ನಾಲಿಗೆ ಕಚ್ಚಿಕೊಂಡ. "ಹಂಗಾರ ಕೆಳಗ ಬಾವಿ ಐತ್ರಿ. ಇದು ಹೊಲ ಇದ್ದಾಗಿಂದು. ಬಿಲ್ಡಿಂಗಿನಿಂದ ದೂರ, ಕಂಪೌಂಡಿನ ಮೂಲ್ಯಾಗ. ನೀರ ಭಾಳ ಐತಿ."

ಅತ್ತೆ "ನಾಳೆ ಹೇಳ್ತೇನಿ" ಎಂದರು.

ಈಗ ಎದ್ದು ನೋಡಿದರೆ ಅವರ ಹಾಸಿಗೆ ಖಾಲಿ. ಸದ್ದು ಮುಂಬಾಗಿಲಿನ ಚಿಲಕದ್ದು. ಗಂಡನನ್ನು ಎಬ್ಬಿಸದೆ ಬರಿಗಾಲಲ್ಲೇ ಮೆಟ್ಟಿಲಿಳಿದೆ.

ವಾಚ್‌ಮನ್ ಕುರ್ಚಿಯಲ್ಲಿ ನಿದ್ದೆ ಹೋಗಿದ್ದ. ಸಾಲಾಗಿ ನಿಂತ ಕಾರುಗಳಾಚೆ, ಕಂಪೌಂಡಿನ ಮೂಲೆಯಲ್ಲಿ, ಸೊಂಟದೆತ್ತರದ ಕಟ್ಟೆ. ಅದರ ಮೇಲೆ ಕಬ್ಬಿಣದ ಜಾಳಿಗೆ. ಅತ್ತೆ ಅದರ ಕಿರುಬಾಗಿಲನ್ನು ತೆರೆದು, ಬ್ಯಾಟರಿಯ ಬೆಳಕನ್ನು ಕೆಳಗೆ ಬಿಟ್ಟು ನಿಂತಿದ್ದರು. ಕರೆಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮಾತಾಡತೊಡಗಿದರು. ನಾನು ಕಾರಿನ ಹಿಂದೆ ನಿಂತುಬಿಟ್ಟೆ.

"ನಾವು ಗಡಹಿಂಗ್ಲಜದವ್ರು. ಮೂರ ಮಂದಿ ಅದೇವಿ" ಎಂದರು ಬಾವಿಯೊಳಗೆ ಬಗ್ಗಿ. ಹೊಸ ಓಣಿಗೆ ಬಂದವರು ನೆರೆಮನೆಯವರಿಗೆ ಹೇಳುವ ದನಿ. "ನೀರ ಗಾಳಿಸೇ ತೊಗೋತೇವಿ. ನಿಮ್ಮನ್ನ ಮತ್ತ ಇಲ್ಲೇ ತಂದ ಬಿಡ್ತೇನಿ. ಮ್ಯಾಲಿಂದ ಒಗಿಯೂದಿಲ್ಲ, ಮೆಲ್ಲಕ ಇಳಸ್ತೇನಿ. ನಾ ಇಲ್ಲದಾಗ ನಮ್ಮ ಛಾಯಾ ಇಳಸ್ತಾಳ. ಆಕೀ ಕೈ ಹಗೂರ ಐತಿ."

ಮದುವೆಯಾಗಿ ಬಂದಂದಿನಿಂದ ನನ್ನ ಕೈಯ ಬಗ್ಗೆ ಅವರು ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಬಸ್ಸಿನ್ಯಾಗ ಅಡ್ಡಾಡಿ ಆಕೀ ಮಾರಿ ಒಣಗೇತಿ. ಆಕಿನೂ ಒಂದ್ ಜೀವ ಅಲ್ಲೇನು? ಆಕೀ ಸಲುವಾಗಿ ಬರ್ತೇನಿ. ಬರ್ಲೇನು?"

ಹೊಲ ಮಾರುವಾಗ, ಮನೆ ಕಟ್ಟಿಸುವಾಗ, ಮಗನಿಗೆ ಹೆಣ್ಣು ಗೊತ್ತುಮಾಡುವಾಗ ಅತ್ತೆ ಯಾರನ್ನೂ ಕೇಳಿದವರಲ್ಲ. ಆ ಅತ್ತೆ ಈಗ ಬರಲೇ ಎಂದು ಕೇಳಿ, ತಲೆ ಬಗ್ಗಿಸಿ, ಉತ್ತರಕ್ಕಾಗಿ ಕಾದರು. ನಿಜವಾಗಿಯೂ ಕಾದರು. ನಾನೂ ಉಸಿರು ಹಿಡಿದು ಕಾದೆ. ಏನು ಕೇಳಿಸಿತೋ, ಕೊನೆಗೆ ಕೈಮುಗಿದು, ಕಿರುಬಾಗಿಲು ಮುಚ್ಚಿ, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

ಆಮೇಲೆ ನಾನು ಬಾವಿಯ ಹತ್ತಿರ ಹೋದೆ. ಮೊಬೈಲಿನ ಬೆಳಕು ಕರಿಕಲ್ಲಿನ ಸುತ್ತುಗಳನ್ನು ದಾಟಿ ಇಳಿಯಿತು, ಇನ್ನೂ ಇಳಿಯಿತು, ನೀರನ್ನು ಮುಟ್ಟಿತು. ಸೂಜಿಯಷ್ಟು ಸಣ್ಣ ಮೀನುಗಳು ಬೆಳಕಿನ ಕಡೆಗೆ ಒಮ್ಮೆಲೇ ತಿರುಗಿದವು. ನೂರಾರಿದ್ದವು. ಅವುಗಳ ಕೆಳಗೆ, ಅವುಗಳ ನಡುವೆ, ನನ್ನ ಕಣ್ಣಿಗೆ ನಿಲುಕದ ಇನ್ನೆಷ್ಟೋ ಜೀವಗಳು. ಈ ಬಾವಿಯನ್ನು ಹಗಲಲ್ಲಿ ಎರಡು ಸಲ ನೋಡಿದ್ದೆ. ಕಟ್ಟಡದ ಪಾಯಕ್ಕೆ ಇದರಿಂದ ತೊಂದರೆಯಿಲ್ಲವೆಂದು ಇಂಜಿನಿಯರರಿಂದ ಕೇಳಿ ತಿಳಿದು ನಿಶ್ಚಿಂತಳಾಗಿದ್ದೆ. ಮನೆ ಮಾರುವವರ, ಸೊಸೈಟಿಯವರ, ಎಲ್ಲರ ಒಪ್ಪಿಗೆ ಪಡೆದಿದ್ದೆ. ಈ ನೀರೊಳಗಿನವರನ್ನು ಕೇಳಬೇಕೆಂದು ಮಾತ್ರ ಹೊಳೆದಿರಲಿಲ್ಲ. ನನ್ನ ತೋಳಿನ ಕೂದಲು ನಿಮಿರಿತ್ತು. ಸದಾ ಏನಾದರೊಂದಕ್ಕೆ ಹೆದರುವ ನನಗೆ ಅದು ಹೆದರಿಕೆಯಲ್ಲವೆಂದು ತಿಳಿಯಲು ತುಸು ಹೊತ್ತು ಬೇಕಾಯಿತು.

ಬೆಳಗ್ಗೆ ಶ್ರೇಣಿಕ ಬಂದಾಗ ಅತ್ತೆ ಗೋಡೆಗೊರಗಿ ಕುಳಿತು ಗೊಣಗುತ್ತಿದ್ದರು. "ಅಡಿಗಿಮನಿ ಕೈಯಗಲ ಐತಿ. ಕಿಡಕಿ ತಗದ್ರ ಮಂದಿ ಮಾರಿ. ಏನ್ ಮಾಡೂದು, ತೊಗೋರಿ. ನನ್ನ ಮಾತ ಯಾರ ಕೇಳ್ತೀರಿ?"

"ನಿಮ್ಮ ಮಾತ ಬಿಟ್ಟ ಬ್ಯಾರೆ ಯಾರ ಮಾತ ಕೇಳೇವ್ರಿ ಆತ್ಯಾ!" ಎಂದು ಅವನು ಜೋರಾಗಿ ನಕ್ಕ.

ಭಾವುಸಾಹೇಬರು ನನ್ನನ್ನು ಅಡಿಗೆಮನೆಗೆ ಕರೆದರು. "ಏನ್ ಜಾದೂ ಮಾಡಿದಿ? ಅವ್ವ ಹೆಂಗ ಒಪ್ಪಿದ್ಲು?"

ಹೇಳಿದರೆ ಅವರು ಶ್ರೇಣಿಕನಿಗೆ ಹೇಳುತ್ತಾರೆ. ಅವನು ಇಚಲಕರಂಜಿಯಲ್ಲಿ ಸಿಕ್ಕವರಿಗೆಲ್ಲ ಅತ್ತೆಯ ದನಿಯನ್ನೇ ಅಣಕಿಸಿ ಹೇಳುತ್ತಾನೆ. ಎಲ್ಲರೂ ಪ್ರೀತಿಯಿಂದಲೇ ನಗುತ್ತಾರೆ. ಆದರೆ ಆ ಮಾತು ನಮಗೆ ಹೇಳಿದ್ದಾಗಿರಲಿಲ್ಲ.

"ನನಗೇನ ಗೊತ್ರಿ? ನಾ ಮಲಗಿದ್ದೆ" ಎಂದೆ. ಅವರಿಗಷ್ಟೇ ಅಲ್ಲ, ಯಾರಿಗೂ ಇದನ್ನು ಹೇಳುವುದಿಲ್ಲವೆಂದು ನಿಶ್ಚಯಿಸಿಕೊಂಡೆ. ಅತ್ತೆಗೂ.